ಕೂಳೆ ಕಬ್ಬಿನ ತರಗು, ಕಡಿಯಲು ಬರುವ ಕುಟುಂಬಗಳು: ಮದ್ದೂರಿನ ಸದಸ್ಯರ ಪ್ರಶ್ನೆಗೆ ಉತ್ತರ

ನಮ್ಮ ಈ ವೇದಿಕೆಯಲ್ಲಿ ಮದ್ದೂರು ತಾಲ್ಲೂಕಿನ ಸದಸ್ಯರು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದಾರೆ. ತರಗಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಾಕದೆ ಕೂಳೆ ಬೆಳೆ (ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬು) ಮಾಡಬೇಕೆಂದಿದ್ದರೂ ಬಳ್ಳಾರಿ ಕಡೆಯಿಂದ ಬರುವ ಕಟಾವಿನ ಗ್ಯಾಂಗಿನವರು ನಿಂತ ಕಬ್ಬಿಗೆ ಬೆಂಕಿ ಹಾಕಿದರೆ ಮಾತ್ರ ಕಡಿಯುತ್ತೇವೆ ಎನ್ನುತ್ತಾರೆ, ಏನು ಮಾಡಲಿ ಎಂಬುದು ಒಂದು. ಆ ಕುಟುಂಬಗಳು ಹಂಗಾಮು ಮುಗಿಯುವವರೆಗೆ ಊರ ಪಕ್ಕ ಗುಡಿಸಲು ಹಾಕಿಕೊಂಡಿರುವುದಕ್ಕೆ ಊರಿನ ಕೆಲವರು ತಕರಾರು ತೆಗೆದಿದ್ದಾರೆ, ಹೇಗೆ ನಿಭಾಯಿಸಲಿ ಎಂಬುದು ಇನ್ನೊಂದು. ಈಗಾಗಲೇ ಉತ್ತರಿಸಿದವರು ಮೊದಲನೆಯದನ್ನು ಮಾತ್ರ ಎತ್ತಿಕೊಂಡು, ಎರಡನೆಯದು ಊರಿನ ವಿಚಾರ ಎಂದು ಬಿಟ್ಟಿದ್ದಾರೆ. ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತರಗು ಮಣ್ಣಿಗೆ ಸೇರುವ ಕೆಲಸ ಶುರುವಾಗುವುದೇ ಕಡಿಯುವವರ ಕೈಯಲ್ಲಿ. ಆ ಕೈಗಳು ವರ್ಷವರ್ಷವೂ ಬದಲಾಗುತ್ತಿದ್ದರೆ ಯಾವ ಪದ್ಧತಿಯೂ ಗದ್ದೆಯಲ್ಲಿ ನೆಲೆ ನಿಲ್ಲುವುದಿಲ್ಲ.

ಮೊದಲು ತರಗಿನ ವಿಚಾರ. ಒಂದು ಎಕರೆ ಕಬ್ಬಿನಿಂದ ಸುಮಾರು 3ರಿಂದ 4 ಟನ್ ಒಣ ತರಗು ಸಿಗುತ್ತದೆ. ಅದರಲ್ಲಿ ಸಾರಜನಕದ ಅಂಶ ಶೇಕಡ 0.4ರ ಆಸುಪಾಸಿನಲ್ಲಿರುವುದರಿಂದ ಎಕರೆಗೆ 12ರಿಂದ 16 ಕಿಲೋ ಸಾರಜನಕ ನಮ್ಮ ನೆಲದಲ್ಲೇ ಬಿದ್ದಿರುತ್ತದೆ. ಬೆಂಕಿ ಹಾಕಿದರೆ ಪೊಟ್ಯಾಷ್‌ನಂಥ ಖನಿಜಗಳು ಮಾತ್ರ ಬೂದಿಯಲ್ಲಿ ಉಳಿದು, ಸಾರಜನಕವೂ ಇಂಗಾಲವೂ ಬಹುಪಾಲು ಹೊಗೆಯಾಗಿ ಹೋಗುತ್ತವೆ, ಮೇಲುಮಣ್ಣಿನ ಜೀವಿಗಳೂ ಸುಡುತ್ತವೆ. ನಿಂತ ಕಬ್ಬಿಗೇ ಬೆಂಕಿ ಹಾಕಿ ಕಡಿದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಸುಟ್ಟ ಕಬ್ಬು ಬೇಗ ತೂಕ ಮತ್ತು ಸಕ್ಕರೆ ಅಂಶ ಕಳೆದುಕೊಳ್ಳುತ್ತದೆ. ಲಾರಿ ಒಂದು ದಿನ ತಡವಾದರೂ ಪೆಟ್ಟು ಬೀಳುವುದು ರೈತನಿಗೆ. ಆಲೆಮನೆಗೆ ಹೋದರೆ ಬೆಲ್ಲದ ಬಣ್ಣವೂ ಕೆಡುತ್ತದೆ.

ತರಗು ಉಳಿಸಿಕೊಂಡವರಿಗೆ ಬರುವ ತೊಂದರೆಗಳೂ ನಿಜವಾದವು. ಇಂಗಾಲ ಹೆಚ್ಚು, ಸಾರಜನಕ ಕಡಿಮೆ ಇರುವ ವಸ್ತುವಾದ್ದರಿಂದ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಕೂಳೆ ಆರಂಭದಲ್ಲಿ ಹಳದಿಯಾಗುತ್ತದೆ. ಇದನ್ನು ನೋಡಿ ಹೆದರಿ ಮರುವರ್ಷ ಬೆಂಕಿ ಹಾಕಿದವರು ಬಹಳ ಮಂದಿ. ಟನ್ ತರಗಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಜೊತೆಗೆ ಕೊಳೆಸುವ ಜೀವಾಣುಗಳನ್ನು ಸಗಣಿ ಬಗ್ಗಡದಲ್ಲಿ ಕಲಸಿ ತರಗಿನ ಮೇಲೆ ಹಾಕಿ ನೀರು ಕೊಟ್ಟರೆ ಈ ತೊಂದರೆ ದಾಟುತ್ತದೆ. ನಾಲೆ ನೀರನ್ನು ಹಾಯಿಸುವ ನಮ್ಮ ಗದ್ದೆಗಳಲ್ಲಿ ಎಲ್ಲ ಸಾಲಿಗೂ ತರಗು ಹರಡಿದರೆ ಅದು ತೇಲಿ ಒಂದು ಮೂಲೆಗೆ ಸೇರುತ್ತದೆ. ಆದ್ದರಿಂದ ಸಾಲು ಬಿಟ್ಟು ಸಾಲಿಗೆ ತುಂಬಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ ಗೊಬ್ಬರವನ್ನೂ ಅಲ್ಲೇ ಕೊಡಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ತರಗು ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುತ್ತದೆಯೇ ಎಂದು ಕಟಾವಿಗೆ ಮೊದಲೇ ವಿಚಾರಿಸಿಡಿ.

ಇನ್ನು ಕಡಿಯುವ ರೀತಿ. ಕೂಳೆಯ ಭವಿಷ್ಯ ಇರುವುದು ಮಚ್ಚು ಬೀಳುವ ಎತ್ತರದಲ್ಲಿ. ನೆಲಮಟ್ಟಕ್ಕೆ ಕಡಿದರೆ ಮಣ್ಣಿನೊಳಗಿನ ಕಣ್ಣುಗಳಿಂದ ಗಟ್ಟಿ ಮೊಳಕೆ ಬರುತ್ತದೆ; ಮೂರು ಬೆರಳು ಮೇಲೆ ಕಡಿದರೆ ಮೇಲಿನ ಕಣ್ಣುಗಳು ಒಡೆದು ಬೇರು ಹಿಡಿಯದ ಸಣಕಲು ಪೈರಾಗುತ್ತದೆ, ಜೊತೆಗೆ ಹೆಚ್ಚು ಸಿಹಿಯಿರುವ ಬುಡದ ಗೆಣ್ಣು ಗದ್ದೆಯಲ್ಲೇ ಉಳಿಯುತ್ತದೆ. ಆದರೆ ನೆಲಮಟ್ಟಕ್ಕೆ ಕಡಿಯುವವರು ಪ್ರತಿ ಬುಡಕ್ಕೂ ಪೂರಾ ಬಗ್ಗಬೇಕು. ಒಂದು ಜೋಡಿ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿ. ಗಂಡಸು ಎಡಗೈಯಲ್ಲಿ ಹಿಂಡನ್ನು ಒತ್ತಿ ಹಿಡಿದು ಬುಡಕ್ಕೆ ಮಚ್ಚು ಹಾಕುತ್ತಾನೆ, ಹೆಂಗಸು ತನ್ನ ಮಚ್ಚಿನ ಬೆನ್ನಿನಿಂದ ತರಗು ಸವರಿ, ತುದಿಯ ಹಸಿರು ಸೋಗೆ ಕತ್ತರಿಸಿ, ಎರಡು ಸೋಗೆಗಳನ್ನು ತಿರುಚಿ ಹುರಿ ಮಾಡಿ ಹೊರೆ ಕಟ್ಟುತ್ತಾಳೆ. ಎಲೆಯ ಅಂಚು ಮೊಣಕೈವರೆಗೆ ಗೀರಿರುತ್ತದೆ, ಒಳಗೆ ಹಾವಿನ ಭಯ ಬೇರೆ. ಅವರು ಬೆಂಕಿ ಕೇಳುವುದು ಇದಕ್ಕೆ. ಕೂಲಿ ಟನ್ ಲೆಕ್ಕದಲ್ಲಿರುವಾಗ ಹಸಿರು ಕಬ್ಬು ಕಡಿಯುವ ಜೋಡಿಗೆ ದಿನಕ್ಕೆ ಕಡಿಮೆ ಟನ್ ಆಗುತ್ತದೆ, ಅಂದರೆ ನಮ್ಮ ಮಣ್ಣು ಉಳಿಸುವ ಖರ್ಚನ್ನು ಅವರ ಕೂಲಿಯಿಂದ ಮುರಿದುಕೊಂಡಂತಾಗುತ್ತದೆ.

ಹಾಗಾಗಿ ಗ್ಯಾಂಗನ್ನು ಕರೆತರುವ ಮೇಸ್ತ್ರಿಯ ಜೊತೆ ಕಟಾವಿಗೆ ಮೊದಲೇ ಮಾತಾಡಿ, ಬೆಂಕಿ ಹಾಕದ ಕಬ್ಬಿಗೂ ನೆಲಮಟ್ಟದ ಕಟಾವಿಗೂ ಟನ್ನಿಗೆ ಹೆಚ್ಚುವರಿ ದರ ಗೊತ್ತು ಮಾಡಿಕೊಳ್ಳಿ. ಸುಡದ ಕಬ್ಬಿನಲ್ಲಿ ಉಳಿದ ತೂಕ, ತರಗಿನ ಹೊದಿಕೆಯಿಂದ ತಪ್ಪಿದ ಕಳೆ ಕೂಲಿ, ಉಳಿದ ಒಂದೆರಡು ನೀರು ಆ ಹಣವನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಈ ಹೆಚ್ಚುವರಿ ಮೊತ್ತ ಮೇಸ್ತ್ರಿಯ ಮುಂಗಡದ ಲೆಕ್ಕಕ್ಕೆ ಸೇರಿಹೋಗದೆ ಕಡಿದವರ ಕೈಗೇ ಸೇರಬೇಕು, ತೂಕದ ಚೀಟಿಯನ್ನು ಅವರಿಗೂ ತೋರಿಸಬೇಕು. ಮುಂಗಡ ತೀರಿಲ್ಲ ಎಂದು ಕುಟುಂಬವನ್ನು ಹೋಗಲು ಬಿಡದೆ ಇಟ್ಟುಕೊಳ್ಳುವುದು 1976ರ ಜೀತ ಪದ್ಧತಿ ರದ್ದು ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ಗೊತ್ತಿರಲಿ. ಮೊಣಕೈವರೆಗಿನ ಕೈಗವಸು, ಬೂಟು ಕೊಡಿಸಿ. ಯಂತ್ರದಲ್ಲೇ ಕಟಾವು ಮಾಡಿಸಿ, ಈ ಗೋಜೇ ಬೇಡ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಐದು ಅಡಿ ಸಾಲು, ಉದ್ದನೆಯ ತಾಕು ಇದ್ದವರಿಗೆ ಅದು ಸರಿ; ತುಂಡು ಹಿಡುವಳಿ ಮತ್ತು ತೇವ ಆರದ ಜೇಡಿಮಣ್ಣು ಇರುವಲ್ಲಿ ಯಂತ್ರದ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆ.

ಊರಿನ ತಕರಾರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಪರಿಚಿತರೆಂಬ ಅಂಜಿಕೆ ಬೆಳೆಯುವುದು ಅವರು ಯಾರೆಂದು ಯಾರಿಗೂ ಗೊತ್ತಿಲ್ಲದಿದ್ದಾಗ. ಗ್ಯಾಂಗ್ ಬಂದ ವಾರದಲ್ಲೇ ಮೇಸ್ತ್ರಿಯನ್ನೂ ಒಂದಿಬ್ಬರು ಹಿರಿಯ ಹೆಂಗಸರನ್ನೂ ಕರೆದುಕೊಂಡು ಪಂಚಾಯಿತಿ ಸದಸ್ಯರ, ಅಂಗನವಾಡಿ ಕಾರ್ಯಕರ್ತೆಯ, ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ನೀವೇ ಹೋಗಿ. ಗುಡಿಸಲಿನ ಜಾಗ ನಾಲೆಯ ಅಂಚಿನಲ್ಲಿ ಬೇಡ, ಮಕ್ಕಳಿಗೆ ಅಪಾಯ. ಕುಡಿಯುವ ನೀರು, ದೀಪ, ಶೌಚಾಲಯ ಇರುವ ಕಡೆ ಕೊಡಿ. ಊರಿನವರ ದೂರುಗಳಲ್ಲಿ ಹಲವು ಶೌಚಾಲಯವಿಲ್ಲದ್ದರಿಂದಲೇ ಹುಟ್ಟುತ್ತವೆ.

ಶಾಲೆಯ ವಿಚಾರದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ. 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ಶಾಲೆ ಶುರುವಾಗಿ ತಿಂಗಳುಗಳಾದವೆಂದಾಗಲಿ ದಾಖಲಾತಿ ನಿರಾಕರಿಸುವಂತಿಲ್ಲ. ಬಳ್ಳಾರಿ, ವಿಜಯನಗರದ ಕಡೆಯವರು ನಮ್ಮ ರಾಜ್ಯದವರೇ ಆದ್ದರಿಂದ ಅವರ ಪಡಿತರ ಚೀಟಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ; ಆಲೆಮನೆಗೆ ಬರುವ ಉತ್ತರ ಪ್ರದೇಶ, ಬಿಹಾರದವರಿಗೂ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಸಿಗುತ್ತದೆ. ಮಕ್ಕಳ ಲಸಿಕೆಗೆ, ಬಸುರಿಯರ ತಪಾಸಣೆಗೆ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿದರೆ ಸಾಕು.

ಹೊರಗಿನವರು ನಮ್ಮ ನೆಲಕ್ಕೆ ಹೊಂದುವುದಿಲ್ಲ ಎನ್ನುವವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಒಮ್ಮೆ ಹೋಗಿ ಬರಲಿ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಕೊಟ್ಟ ಕಾಡುನೆಲದಲ್ಲಿ ಟಿಬೆಟ್ ನಿರಾಶ್ರಿತರು ಮುಸುಕಿನ ಜೋಳ ಬೆಳೆಯುತ್ತ, ಸಹಕಾರ ಸಂಘ ಕಟ್ಟಿಕೊಂಡು ನೆಲೆ ನಿಂತರು; ಈ ಶತಮಾನದ ಆರಂಭದಿಂದ ಅಲ್ಲಿ ಸಾವಯವ ಕೃಷಿಯ ಕಡೆಗೂ ಹೊರಳಿದ್ದಾರೆ. ಸುತ್ತಲಿನ ಹಳ್ಳಿಗಳ ಜನ ಅವರ ಹೊಲ, ಅಂಗಡಿಗಳಲ್ಲಿ ದುಡಿಯುತ್ತಾರೆ, ಟಿಬೆಟನ್ನರಲ್ಲಿ ಬಹಳ ಮಂದಿ ಕನ್ನಡ ಮಾತಾಡುತ್ತಾರೆ. ಅವರಿಗೆ ಜಮೀನೂ ಮನೆಯೂ ಶಾಲೆಯೂ ಸಿಕ್ಕಿದ್ದವು, ಕಬ್ಬು ಕಡಿಯುವವರಿಗೆ ಅದಾವುದೂ ಇಲ್ಲ ಎಂಬ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಆದರೆ ಜನ ಹೊಂದಿಕೊಳ್ಳುವುದು ಅವರ ಸ್ವಭಾವಕ್ಕಿಂತ ಹೆಚ್ಚಾಗಿ ನಾವು ಕೊಡುವ ಜಾಗದ ಮೇಲೆ ನಿಂತಿದೆ ಎಂಬುದು ಆ ವ್ಯತ್ಯಾಸದಿಂದಲೇ ಗೊತ್ತಾಗುತ್ತದೆ. ಮಂಡ್ಯದ ಕಬ್ಬಿನ ಚರಿತ್ರೆಯೂ ಇದಕ್ಕೆ ಹೊರತಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಹಿಂದೆ ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮವಿದೆ.

ಹಂಗಾಮು ಮುಗಿದ ದಿನವೇ ಲೆಕ್ಕ ಚುಕ್ತಾ ಮಾಡಿ, ಮುಂದಿನ ವರ್ಷಕ್ಕೂ ಇದೇ ಜೋಡಿಗಳು ಬರಲಿ ಎಂದು ಹೆಸರು ಹಿಡಿದು ಮೇಸ್ತ್ರಿಗೆ ಹೇಳಿ. ಕಟಾವಾದ ವಾರದೊಳಗೆ ಎದ್ದು ನಿಂತ ಬುಡಗಳನ್ನು ಸವರಿಸಿ, ಒಂದೂವರೆ ಅಡಿಗಿಂತ ಹೆಚ್ಚು ಖಾಲಿ ಬಿದ್ದಲ್ಲಿ ಸಸಿ ನಾಟಿ ಮಾಡಿಸಿ, ಕೂಳೆಗೆ ನಾಟಿ ಬೆಳೆಗಿಂತ ಸುಮಾರು ಶೇಕಡ 25ರಷ್ಟು ಹೆಚ್ಚು ಸಾರಜನಕ ಕೊಡಿ. ನಿಮ್ಮ ಗದ್ದೆಯದು ಕೆಂಪು ಮಣ್ಣೋ ಜೇಡಿಯೋ, ನಾಲೆಯಲ್ಲಿ ಸರದಿಯ ಮೇಲೆ ಬಿಡುವ ಕಟ್ಟು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಬರೆದರೆ ತರಗು ಹಾಕಿದ ಮೇಲೆ ನೀರಿನ ಅಂತರ ಎಷ್ಟಿರಬೇಕೆಂದು ತಿಳಿಸುತ್ತೇನೆ.