ಕೆಲಸಕ್ಕೆ ವಿರಾಮ ಕೊಟ್ಟು ಸ್ಕೀಯಿಂಗ್ ಇನ್‌ಸ್ಟ್ರಕ್ಟರ್ ಆಗಲು ಹೊರಟವರಿಗೆ

ನಿಮಗೆ 29 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಳೆದ ಚಳಿಗಾಲ ಗುಲ್ಮಾರ್ಗ್‌ನಲ್ಲಿ ಮೂರು ದಿನ ಸ್ಕೀಯಿಂಗ್ ಮಾಡಿ ಬಂದಿದ್ದೀರಿ. ಈಗ ರಾಜೀನಾಮೆ ಕೊಟ್ಟು ಒಂದು ವರ್ಷ ಇನ್‌ಸ್ಟ್ರಕ್ಟರ್ ತರಬೇತಿಗೆ ಹೋಗಲೇ ಎಂದು ಕೇಳಿದ್ದೀರಿ. ಹೋಗಿ. ಆದರೆ ಮೊದಲು ರಾಜೀನಾಮೆ ಬೇಡ, ಎರಡು ವಾರದ ರಜೆ ಹಾಕಿ.

ನಾನೂ ಇದೇ ದಾರಿಯಲ್ಲಿ ಹೋದವಳು. 2022ರಲ್ಲಿ, ನನಗೆ 32 ಆಗಿದ್ದಾಗ, ಉಳಿಸಿಕೊಂಡಿದ್ದ ರಜೆಯನ್ನೆಲ್ಲ ಒಟ್ಟು ಮಾಡಿ ಮನಾಲಿಗೆ ಹೋಗಿ ಬೇಸಿಕ್ ಕೋರ್ಸ್ ಮುಗಿಸಿದೆ. ಮುಂದಿನ ಚಳಿಗಾಲಕ್ಕೆ ಐದು ತಿಂಗಳು ಸಂಬಳವಿಲ್ಲದ ರಜೆ ಕೇಳಿದೆ, ಸಿಕ್ಕಿತು. ಅಮ್ಮ ಮೂರು ದಿನ ಮಾತಾಡಲಿಲ್ಲ. ಈಗ ವರ್ಷವಿಡೀ ಬೆಂಗಳೂರು ವಿಜಯನಗರದ ಮನೆ, ಕೆಲಸ. ಫೆಬ್ರವರಿ ಬಂದರೆ ಮೂರು ವಾರ ಮನಾಲಿ ಹತ್ತಿರದ ಸೋಲಂಗ್ ಕಣಿವೆಯಲ್ಲಿ ಪಾಠ.

ಗುಲ್ಮಾರ್ಗ್‌ನ ಆ ಮೂರು ದಿನದ ಖುಷಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೆ ಆ ಖುಷಿ ಜಾರುವುದರದ್ದು, ಕಲಿಸುವುದರದ್ದಲ್ಲ. ಇನ್‌ಸ್ಟ್ರಕ್ಟರ್ ದಿನದ ಜಾಸ್ತಿ ಹೊತ್ತು ಇರುವುದು ಬೆಟ್ಟದ ತುದಿಯಲ್ಲಲ್ಲ. ಕೆಳಗೆ, ಸೊಂಟದೆತ್ತರದ ಇಳಿಜಾರಿನಲ್ಲಿ, ನಿಲ್ಲಲೂ ಬಾರದವರ ಜೊತೆ. ಬಿದ್ದವರನ್ನು ಎಬ್ಬಿಸುವುದು, ಬೂಟಿನ ಕ್ಲಿಪ್ ಬಿಗಿ ಮಾಡುವುದು, ಹೇಳಿದ್ದನ್ನೇ ನಲವತ್ತು ಸಲ ಹೇಳುವುದು. ಇದು ನಿಮಗೆ ಇಷ್ಟವಾಗುತ್ತಾ? ವಿರಾಮ ತೆಗೆದುಕೊಳ್ಳಬೇಕಾ ಬೇಡವಾ ಅನ್ನುವುದಕ್ಕೆ ಇದೊಂದೇ ಪ್ರಶ್ನೆ ಸಾಕು.

ನನಗೆ ಉತ್ತರ ಸಿಕ್ಕಿದ್ದು ಹಾಸನ ಕಡೆಯ ಒಬ್ಬ ಅಮ್ಮನಿಂದ. ನಾನಾಗ ಸೋಲಂಗ್‌ನವರೇ ಆದ ಒಬ್ಬ ಗುರುಗಳ ಕೈಕೆಳಗೆ ಸಹಾಯಕಿ. ಮಗ ಸೊಸೆ ಜೊತೆ ಬಂದಿದ್ದ ಅವರಿಗೆ ಅರವತ್ತರ ಹತ್ತಿರ. ಎರಡು ಸಲ ಬಿದ್ದು ಹಿಮದ ಮೇಲೆ ಕೂತುಬಿಟ್ಟರು. "ಸಾಕು ಕಣಮ್ಮ, ನನ್ ಕೈಲಿ ಆಗಲ್ಲ." ಸ್ಕೀಯಿಂಗ್‌ನಲ್ಲಿ ಭಯ ಮಾಡುವ ಕೆಲಸ ಒಂದೇ. ಮುಂದೆ ಇಳಿಜಾರು ಕಂಡ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ. ಭಾರ ಹಿಂದೆ ಹೋದರೆ ಸ್ಕೀ ಪಟ್ಟಿಯ ಮೂತಿ ಹಗುರ. ಆಮೇಲೆ ಅದು ಹೇಳಿದ ಮಾತು ಕೇಳುವುದಿಲ್ಲ. ಮೊಣಕಾಲು ಬಗ್ಗಿಸಿ, ಕಣಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಿ, ಭಯವಾಗುವ ಕಡೆಗೇ ಮೈ ಕೊಡಬೇಕು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ.

ನಾನು ಅವರ ಎದುರಿಗೆ ನಿಂತು ಎರಡೂ ಕೈ ಹಿಡಿದುಕೊಂಡೆ. "ಕೆಳಗೆ ನೋಡಬೇಡಿ ಅಮ್ಮ, ನನ್ನ ಮುಖ ನೋಡಿ. ಮೂತಿ ಎರಡೂ ಹತ್ತಿರ, ಹಿಂದೆ ಅಗಲ. ನೇಗಿಲಿನ ಗುಳ ಇರುತ್ತಲ್ಲ, ಹಾಗೆ." ಅವರ ಮುಖದಲ್ಲಿ ಏನೋ ಬದಲಾಯಿತು. "ಗುಳ ಮಣ್ಣು ಸೀಳಿದ ಹಾಗಾ?" "ಹೂಂ, ಹಾಗೇ. ಹಿಮ್ಮಡಿ ಹೊರಗೆ ಒತ್ತಿದಷ್ಟೂ ನಿಧಾನ." ಈ ಭಂಗಿಗೆ ಹೆಸರೇ ಸ್ನೋಪ್ಲೋ, ಹಿಮದ ನೇಗಿಲು. ನಾನು ಹಿಂದು ಹಿಂದಕ್ಕೆ ಜಾರುತ್ತಾ ಹೋದೆ, ಅವರು ಮುಂದೆ ಬಂದರು. ಅರ್ಧ ದಾರಿಯಲ್ಲಿ ಮೆಲ್ಲಗೆ ಕೈ ಬಿಟ್ಟೆ. ಇಪ್ಪತ್ತು ಹೆಜ್ಜೆಯಷ್ಟು ಬಂದು, ಹಿಮ್ಮಡಿ ಒತ್ತಿ, ತಾವೇ ನಿಂತರು. ತಿರುಗಿ ಮೇಲೆ ನೋಡಿ, "ನಾನೇ ನಿಲ್ಸಿದ್ದು ಅಲ್ವಾ?" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಟ್ಟದ ತುದಿಯಿಂದ ಇಳಿದ ಯಾವ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಈಗ ದಾರಿಯ ಮಾತು. ನಮ್ಮಲ್ಲಿ ಹೆಸರಿರುವ ಜಾಗಗಳು ಮೂರು. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ, ಉತ್ತರಾಖಂಡದ ಔಲಿಯಲ್ಲಿ ಗಢ್ವಾಲ್ ಮಂಡಲ್ ವಿಕಾಸ್ ನಿಗಮದ ಕೋರ್ಸ್‌ಗಳು. ಬೇಸಿಕ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ ಹೀಗೆ ಹಂತ ಹಂತವಾಗಿ ಏರಬೇಕು. ಒಂದೊಂದಕ್ಕೂ ಸುಮಾರು ಎರಡು ವಾರ ಇಟ್ಟುಕೊಳ್ಳಿ. ಹಿಮ ಇರುವುದು ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಅದೂ ಖಾತ್ರಿಯಿಲ್ಲ. 2024ರ ಜನವರಿ ಮೊದಲ ವಾರಗಳಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮ ಇರಲಿಲ್ಲ. ಹಾಗಾಗಿ ವಿಮಾನದ ಟಿಕೆಟ್ಟನ್ನು ಒಂದೇ ದಿನಾಂಕಕ್ಕೆ ಕಟ್ಟಿಹಾಕಬೇಡಿ.

ಇನ್ನೊಂದು ಮಾತು, ಮನಸ್ಸಿಟ್ಟು ಕೇಳಿ. ಸೋಲಂಗ್, ಗುಲ್ಮಾರ್ಗ್‌ನ ಹುಡುಗರು ನಡೆಯಲು ಕಲಿತಾಗಿನಿಂದ ಹಿಮದ ಮೇಲೆ ಇದ್ದವರು. ಆ ಮೂರು ತಿಂಗಳೇ ಅವರ ದುಡಿಮೆಯ ಕಾಲ. ನಾವು ಸಂಬಳದ ಕೆಲಸ ಇಟ್ಟುಕೊಂಡು ಹೋಗಿ ಅವರ ಅನ್ನಕ್ಕೆ ಅಡ್ಡ ಬರಬಾರದು. ಅವರ ಕೈಕೆಳಗೆ ಕಲಿಯಿರಿ, ಅವರು ಕರೆದರೆ ಜೊತೆಗೆ ನಿಲ್ಲಿ. ಕನ್ನಡದವರ ಗುಂಪು ಬಂದಾಗ ನನ್ನನ್ನು ಕರೆಯುತ್ತಾರೆ, ನನಗೆ ಅಷ್ಟು ಸಾಕು.

ಇದರಿಂದಲೇ ಹೊಟ್ಟೆ ಹೊರೆಯಬೇಕು ಅಂದರೆ ಹೊರದೇಶವೇ ಗತಿ. ಕೆನಡಾ, ಬ್ರಿಟನ್ ಎರಡರಲ್ಲೂ ಇನ್‌ಸ್ಟ್ರಕ್ಟರ್ ಅರ್ಹತೆಗೆ ನಾಲ್ಕು ಹಂತ. ಮೊದಲ ಹಂತ ದಾಟಿದರೆ ಹೊಸಬರಿಗೆ ಕಲಿಸಬಹುದು. ಹತ್ತು ಹನ್ನೊಂದು ವಾರದ ಪ್ಯಾಕೇಜ್ ಕೋರ್ಸ್‌ಗಳಿಗೆ ಹಲವು ಲಕ್ಷ ಬೇಕು. ದುಡ್ಡಿಗಿಂತ ದೊಡ್ಡ ತೊಡಕು ವೀಸಾ. ನಾನು ಹೊರಟಾಗ ಇಲ್ಲದ ಒಂದು ಬಾಗಿಲು ನಿಮಗೆ ತೆರೆದಿದೆ. ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸುತ್ತಾಡುತ್ತಾ ಕೆಲಸವನ್ನೂ ಮಾಡಬಹುದಾದ ವೀಸಾ, ಕೊಡುತ್ತಿದೆ. ವರ್ಷಕ್ಕೆ 1,000 ಮಂದಿಗೆ, ಲಾಟರಿಯಲ್ಲಿ, 18ರಿಂದ 30 ವಯಸ್ಸಿನವರಿಗೆ. ಅಲ್ಲಿ ಸ್ಕೀಯಿಂಗ್ ಕಾಲ ಜೂನ್‌ನಿಂದ ಸೆಪ್ಟೆಂಬರ್. ಅಂದರೆ ಇಲ್ಲಿ ಮಾರ್ಚ್‌ಗೆ ಹಿಮ ಕರಗಿದ ಮೇಲೆ ಅಲ್ಲಿಗೆ ಹೋಗಬಹುದು.

ತಯಾರಿಯನ್ನು ಬೆಂಗಳೂರಿನಲ್ಲೇ ಶುರು ಮಾಡಿ. ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಸಾವನದುರ್ಗದ ಬಂಡೆ ನಿಧಾನ ಇಳಿದರೆ ತೊಡೆ ನಡುಗುತ್ತದೆ, ಸ್ಕೀಯಿಂಗ್‌ಗೆ ಬೇಕಾಗಿರುವುದು ಆ ಬಲವೇ. ಇನ್‌ಲೈನ್ ಸ್ಕೇಟಿಂಗ್ ಕಲಿಯಿರಿ, ನಮ್ಮೂರಲ್ಲಿ ರಿಂಕ್‌ಗಳಿಗೆ ಬರವಿಲ್ಲ. ದಕ್ಷಿಣದವರಿಗೆ ಹಿಮ ಒಗ್ಗುತ್ತಾ ಅಂತ ಯಾರಾದರೂ ಕೇಳಿದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. ಹಿಮದ ಮೇಲೆ ದೂರ ಸಾಗುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟವರು ಅವರು.

ದುಡ್ಡಿನ ವಿಷಯದಲ್ಲಿ ನನಗೆ ಪೆಟ್ಟು ಬಿದ್ದದ್ದು ಒಂದು ಕಡೆ. ಸಂಬಳವಿಲ್ಲದ ರಜೆ ಶುರುವಾದಾಗ ಕಂಪನಿಯ ಆರೋಗ್ಯ ವಿಮೆಯೂ ನಿಂತಿತ್ತು, ನನಗೆ ಯಾರೂ ಹೇಳಲಿಲ್ಲ. ಮೊಣಕಾಲು ಉಳುಕಿ ಸ್ಕ್ಯಾನ್ ಮಾಡಿಸಿದ ಮೇಲೆ ತಿಳಿಯಿತು. ನೀವು ಹೊರಡುವ ಮೊದಲೇ ಸ್ವಂತ ಪಾಲಿಸಿ ಮಾಡಿಸಿ, ಸ್ಕೀಯಿಂಗ್ ಗಾಯಕ್ಕೆ ದುಡ್ಡು ಬರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಮನೆ ಬಾಡಿಗೆ, ಇಎಂಐ ಎಲ್ಲ ಸೇರಿಸಿ, ಹೊರಗಿರುವ ತಿಂಗಳುಗಳ ಮೇಲೆ ಇನ್ನೂ ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ. ವಾಪಸ್ ಬಂದ ಕೂಡಲೇ ಕೆಲಸ ಸಿಗುವುದಿಲ್ಲ.

ನೋಟಿಸ್ ಪೀರಿಯಡ್ 90 ದಿನ ಇದ್ದರೆ ಜನವರಿಯ ಹಿಮಕ್ಕೆ ಸೆಪ್ಟೆಂಬರ್‌ನಲ್ಲೇ ತೀರ್ಮಾನ ಆಗಬೇಕು. ಮೊದಲು ಮ್ಯಾನೇಜರ್ ಹತ್ತಿರ ದೀರ್ಘ ರಜೆಯನ್ನೇ ಕೇಳಿ, ಇಲ್ಲ ಅಂದರೆ ಆಮೇಲೆ ರಾಜೀನಾಮೆ. ಅಂದಹಾಗೆ, ನಿಮ್ಮ 31ನೇ ಹುಟ್ಟುಹಬ್ಬಕ್ಕೆ ಎಷ್ಟು ತಿಂಗಳಿದೆ? ಅದನ್ನು ತಿಳಿಸಿದರೆ ಆಸ್ಟ್ರೇಲಿಯಾದ ಲಾಟರಿ ಮೊದಲೋ ಮನಾಲಿಯ ಕೋರ್ಸ್ ಮೊದಲೋ ಎಂದು ಕೂತು ಲೆಕ್ಕ ಹಾಕೋಣ.