ಪ್ರತಿಕ್ರಿಯೆ: ಏರಿನಲ್ಲಿ ಕಪ್ಪು ಹೊಗೆ, ಎಳೆತ ಇಲ್ಲ

ನಿಮ್ಮ ಡೀಸೆಲ್ ಫೋರ್ ವ್ಹೀಲ್ ಡ್ರೈವ್ ಏರು ಹತ್ತುವಾಗ ಮಾತ್ರ ಕಪ್ಪು ಹೊಗೆ ಉಗುಳುತ್ತದೆ, ಎಳೆತ ಕಮ್ಮಿ, ಐಡಲ್‌ನಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದೀರಿ ಅಲ್ವಾ? ಸುಮ್ನೆ ಇಂಜೆಕ್ಟರ್ (ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಿಸಬೇಡಿ. ಕಪ್ಪು ಹೊಗೆ ಅಂದರೆ ಸಾಮಾನ್ಯವಾಗಿ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಅಂತ.

ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಟರ್ಬೊದಿಂದ (ಗಾಳಿಯನ್ನು ಒತ್ತಿ ತಳ್ಳುವ ಭಾಗ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳು. ಎಂಜಿನ್ ತಣ್ಣಗಾದ ಮೇಲೆ ಕೆಳಭಾಗಕ್ಕೂ ಕೈ ಹಾಕಿ ಸವರಿ. ನನ್ನ ಗಾಡಿಯಲ್ಲಿ ಸೀಳು ಇದ್ದದ್ದು ಕ್ಲಾಂಪ್ ಪಕ್ಕದಲ್ಲೇ, ಮೇಲಿಂದ ಕಾಣುತ್ತಲೇ ಇರಲಿಲ್ಲ. ಬೆರಳಿಗೆ ಆಯಿಲ್ ಜಿಡ್ಡು ಹತ್ತಿದಾಗಲೇ ಗೊತ್ತಾಗಿದ್ದು. ಲೋಡ್ ಬಿದ್ದು ಒತ್ತಡ ಏರಿದಾಗ ಮಾತ್ರ ಆ ಸೀಳು ಬಾಯಿ ಬಿಡುತ್ತದೆ. ಅದಕ್ಕೇ ನಿಂತಲ್ಲಿ ಎಲ್ಲಾ ಸರಿ ಅನ್ನಿಸುತ್ತದೆ.

ಹೋಸ್ ಸರಿಯಿದ್ದರೆ ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಮಸಿ ಕಟ್ಟಿ ತೆರೆದೇ ಉಳಿದಿದೆಯಾ ನೋಡಿಸಿ. ಹೊಗೆ ನೀಲಿಯಾಗಿದ್ದರೆ ಕಥೆ ಬೇರೆ, ಅದು ಆಯಿಲ್ ಸುಡುತ್ತಿರುವುದು.