ಇಂಗ್ಲಿಷ್ ತರಗತಿಯಲ್ಲಿ ಗ್ರೀಕ್ ಪುರಾಣವನ್ನೂ ಭಾಷಣ ಬರೆಯುವುದನ್ನೂ ಒಟ್ಟಿಗೆ ಯಾಕೆ ಕಲಿಸುತ್ತಾರೆ?

ಕಥೆ ಮೊದಲೇ ಸಿದ್ಧ ಇರುತ್ತದೆ, ಅದಕ್ಕೆ. ಏನು ಹೇಳೋದು ಅಂತ ತಲೆ ಕೆರೆದುಕೊಳ್ಳುವ ಕೆಲಸ ಮಕ್ಕಳಿಗೆ ಇಲ್ಲ, ಯಾರಿಗೆ ಹೇಗೆ ಹೇಳಿದರೆ ಒಪ್ಪುತ್ತಾರೆ ಅನ್ನೋದನ್ನಷ್ಟೇ ಯೋಚಿಸಬಹುದು.

ಇದು ಹೊಸ ಐಡಿಯಾ ಏನಲ್ಲ. ಟ್ರಾಯ್ ಯುದ್ಧಕ್ಕೆ ಕಾರಣ ಎಂದು ಬೈಸಿಕೊಳ್ಳುತ್ತಿದ್ದ ಹೆಲೆನ್ ಪರವಾಗಿ ಗೋರ್ಗಿಯಾಸ್ ಎಂಬ ಭಾಷಣದ ಮೇಷ್ಟ್ರು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ವಾದ ಬರೆದಿದ್ದ. ದೇವರ ಇಚ್ಛೆ, ಬಲವಂತ, ಮಾತಿನ ಮರುಳು, ಪ್ರೀತಿ, ಇದರಲ್ಲಿ ಯಾವುದಿದ್ದರೂ ತಪ್ಪು ಅವಳದ್ದಲ್ಲ ಅಂತ.

ಪಾಠಕ್ಕೆ ನನಗಿಷ್ಟವಾದ ಭಾಗ, ಗ್ರೀಕರ ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಮಹಾಕಾವ್ಯ ಇಲಿಯಡ್‌ನ 9ನೇ ಅಧ್ಯಾಯ. ತಮ್ಮ ರಾಜನ ಮೇಲೆ ಮುನಿಸಿಕೊಂಡು ಕೂತ ಗ್ರೀಕ್ ವೀರ ಅಖಿಲೀಸ್‌ನನ್ನು ಯುದ್ಧಕ್ಕೆ ಕರೆಯಲು ಮೂವರು ಬರುತ್ತಾರೆ. ಒಡಿಸ್ಯೂಸ್ ರಾಜ ಅಗಮೆಮ್ನಾನ್ ಕೊಡುವ ಉಡುಗೊರೆಗಳ ಪಟ್ಟಿಯನ್ನೆಲ್ಲ ಒಪ್ಪಿಸಿ, ಅವನು ನನಗೆ ತಲೆಬಾಗಲಿ ಎಂದಿದ್ದ ರಾಜನ ಕೊನೆಯ ಮಾತನ್ನು ಮಾತ್ರ ಜಾಣತನದಿಂದ ನುಂಗಿಬಿಡುತ್ತಾನೆ. ಆದರೂ ಕೆಲಸ ಆಗಲ್ಲ, ನಾಳೆಯೇ ಊರಿಗೆ ಹೊರಟೆ ಎನ್ನುತ್ತಾನೆ ಅಖಿಲೀಸ್. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದ ಫೀನಿಕ್ಸ್ ಹಳೇ ಕಥೆ ಹೇಳಿದ ಮೇಲೆ, ಬೆಳಗ್ಗೆ ನೋಡೋಣ ಎನ್ನುತ್ತಾನೆ. ಏಜಾಕ್ಸ್ ಆಡುವುದು ನಾಲ್ಕೇ ಮಾತು, ಅದೂ ಮುಖಕ್ಕೆ ಹೊಡೆದಂತೆ. ಆಮೇಲೆ ಊರಿಗೆ ಹೋಗುವ ಸುದ್ದಿಯೇ ಇಲ್ಲ, ಟ್ರಾಯ್‌ನ ವೀರ ಹೆಕ್ಟರ್ ನನ್ನ ಹಡಗಿನ ತನಕ ಬಂದರೆ ಕಾದುತ್ತೇನೆ ಅನ್ನುವಷ್ಟು ಬಗ್ಗುತ್ತಾನೆ!

ಇದನ್ನು ಓದಿಸಿ, ನಾಲ್ಕನೆಯವರಾಗಿ ನೀವು ಹೋದರೆ ಏನು ಹೇಳುತ್ತೀರಿ, ಒಂದು ಪುಟ ಬರೆಯಿರಿ ಎನ್ನಿ. ಉಡುಗೊರೆಯ ವಿಷಯ ಎತ್ತುವಂತಿಲ್ಲ ಅಂತಲೂ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಅದನ್ನೇ ಬರೆಯುತ್ತಾರೆ.